80 ಪುಟಕ್ಕೆ ಸುಸ್ತಾಗಿದೆ, ‘ಮಲೆಗಳಲ್ಲಿ ಮದುಮಗಳು’ ಬಿಟ್ಟುಬಿಡಲಾ?

ಪ್ರಶ್ನೆ: ನಾನು ಬಳ್ಳಾರಿ ಕಡೆಯವನು. ಈಗ ಬೆಂಗಳೂರಿನಲ್ಲಿ ಕೆಲಸ. ಓದುವುದು ಹೆಚ್ಚಾಗಿ ಪತ್ತೇದಾರಿ ಕಾದಂಬರಿ, ಥ್ರಿಲ್ಲರ್. ತೇಜಸ್ವಿಯವರ ‘ಜುಗಾರಿ ಕ್ರಾಸ್’ ಅಂದರೆ ಪ್ರಾಣ. ನಮ್ಮ ಗೆಳೆಯರ ಓದಿನ ಕೂಟದಲ್ಲಿ ಈ ಸಲ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಆರಿಸಿದ್ದಾರೆ. 80 ಪುಟ ಓದಿದೆ. ಹೆಸರುಗಳು ತಲೆಯಲ್ಲಿ ನಿಲ್ಲುತ್ತಿಲ್ಲ. ಮಾತು ಅರ್ಧಂಬರ್ಧ ಅರ್ಥವಾಗುತ್ತದೆ. ಗುತ್ತಿ ನಾಯಿ ಕಟ್ಟಿಕೊಂಡು ನಡೀತಾನೇ ಇದ್ದಾನೆ, ಕಥೆ ಮಾತ್ರ ಶುರುವಾಗಿಲ್ಲ. ಜಾತಿಯ ಬೈಗುಳ ಓದುವಾಗ ಹಿಂಸೆ ಆಗುತ್ತದೆ. ಎಲ್ಲರೂ ದೊಡ್ಡ ಕಾದಂಬರಿ ಅನ್ನುತ್ತಾರೆ, ಹಾಗಾಗಿ ನನ್ನಲ್ಲೇ ಏನೋ ಕೊರತೆ ಇದೆಯಾ ಅಂತ ಅನುಮಾನ. ಮೊದಲ ಅನಿಸಿಕೆಯನ್ನು ನಂಬಿ ಬಿಟ್ಟುಬಿಡಲಾ? ಕೂಟದಲ್ಲಿ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ದೂರುಗಳಿವೆ. ನಾಲ್ಕೂ ನಿಜವೇ. ಆದರೆ ಒಂದೊಂದಕ್ಕೂ ಕಾರಣ ಬೇರೆ, ಒಟ್ಟಿಗೆ ಸೇರಿಸಿ ‘ಇದು ನನಗಲ್ಲ’ ಅಂತ ತೀರ್ಮಾನ ಮಾಡಬೇಡಿ. ಕೆಲವು ದೂರು ಇನ್ನು ಸ್ವಲ್ಪ ಓದಿದರೆ ತಾವಾಗಿ ಕರಗುತ್ತವೆ. ಒಂದು ಮಾತ್ರ ಕೊನೆಯ ಪುಟದವರೆಗೂ ಉಳಿಯುತ್ತದೆ, ಉಳಿಯಲೂಬೇಕು.

ಕೊರತೆಯ ಮಾತನ್ನು ಮೊದಲು ಮುಗಿಸಿಬಿಡೋಣ. ಪತ್ತೇದಾರಿ ಓದುವವರು ಕೀಳು ಓದುಗರು ಅನ್ನುವುದು ಸುಮ್ನೆ ಜಂಬದ ಮಾತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕೈ ಹಿಡಿದು ಓದಿನ ರುಚಿ ಕಂಡ ಕನ್ನಡಿಗರು ಎಷ್ಟು ಜನ ಇದ್ದಾರೆ! ಕಾಲೇಜಿನಲ್ಲಿ ಈ ಕಾದಂಬರಿ ಪಾಠ ಮಾಡುವಾಗ ನಾನು ಗಮನಿಸಿದ್ದು ಇದು: ಪತ್ತೇದಾರಿ ಓದಿ ಬಂದ ಹುಡುಗರು ಶುರುವಿನಲ್ಲಿ ಎಲ್ಲರಿಗಿಂತ ಜಾಸ್ತಿ ಒದ್ದಾಡುತ್ತಾರೆ. ಆಮೇಲೆ ಅವರೇ ಎಲ್ಲರಿಗಿಂತ ಚೆನ್ನಾಗಿ ಓದುತ್ತಾರೆ. ಯಾಕೆಂದರೆ ಅವರ ಕಣ್ಣು ಚುರುಕು. ಬಾಗಿಲ ಹತ್ತಿರ ಯಾರ ಚಪ್ಪಲಿ ಇತ್ತು ಅನ್ನುವುದನ್ನೂ ನೋಡುವ ಅಭ್ಯಾಸ ಅವರದು.

ಹಾಗಿದ್ದರೆ ಒದ್ದಾಟ ಯಾಕೆ? ಥ್ರಿಲ್ಲರ್ ಓದುವಾಗ ನಮ್ಮ ತಲೆ ಒಂದು ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುತ್ತದೆ. ಯಾವುದು ಬೇಕು, ಯಾವುದು ಬೇಡ ಅಂತ ಆರಿಸುವ ಕೆಲಸ. ಯಾರು ಮುಖ್ಯ? ಈ ವಿವರ ಮುಂದೆ ಉಪಯೋಗಕ್ಕೆ ಬರುತ್ತದಾ? ಈ ಮನುಷ್ಯ ಇನ್ನೊಮ್ಮೆ ಸಿಗುತ್ತಾನಾ? ‘ಜುಗಾರಿ ಕ್ರಾಸ್’ನಲ್ಲಿ ಸುರೇಶ, ಗೌರಿ ಸಿಕ್ಕ ಕೂಡಲೇ ನೀವು ಅವರ ಬೆನ್ನು ಹತ್ತುತ್ತೀರಿ. ಉಳಿದವರೆಲ್ಲ ಅವರಿಗೆ ಏನಾಗಬೇಕು ಅನ್ನುವುದರ ಮೇಲೆ ನಿಮ್ಮ ಲೆಕ್ಕ ನಡೆಯುತ್ತದೆ. ‘ಮದುಮಗಳು’ ಓದುವಾಗ ಆ ಲೆಕ್ಕ ಹಾಕಲು ಹೋದರೆ ಪುಟ ಪುಟಕ್ಕೂ ತಪ್ಪುತ್ತದೆ. ನಿಮಗಾದ ಸುಸ್ತು ಕಾಡಿನಲ್ಲಿ ನಡೆದಿದ್ದಕ್ಕಿಂತ ಜಾಸ್ತಿ ಈ ಲೆಕ್ಕದ್ದು.

ಲೇಖಕರು ಇದನ್ನು ಮುಚ್ಚಿಟ್ಟಿಲ್ಲ. ಕಥೆಗೆ ಮುಂಚೆಯೇ ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ, ಯಾವುದೂ ಯಃಕಶ್ಚಿತವಲ್ಲ!’ ಅಂತ ಬರೆದಿದ್ದಾರೆ. ಈ ಸಾಲುಗಳನ್ನು ಭಾಷಣಗಳಲ್ಲಿ, ಗೋಡೆಗಳ ಮೇಲೆ, ಆಮಂತ್ರಣ ಪತ್ರಿಕೆಗಳಲ್ಲಿ ಎಷ್ಟು ಸಲ ನೋಡಿದ್ದೇವೆ ಅಂದರೆ ಅದೊಂದು ದೊಡ್ಡ ತತ್ವ ಅಂತ ಕೈಮುಗಿದು ಪುಟ ತಿರುಗಿಸಿಬಿಡುತ್ತೇವೆ. ನಾನು ಅದನ್ನು ಓದುಗರಿಗೆ ಕೊಟ್ಟ ಸೂಚನೆ ಅಂತಲೇ ತೆಗೆದುಕೊಳ್ಳುತ್ತೇನೆ. ನಾಯಕನನ್ನು ಹುಡುಕಬೇಡಿ, ಸಿಗುವುದಿಲ್ಲ. ಯಾರನ್ನೂ ಹಿನ್ನೆಲೆ ಅಂತ ತಳ್ಳಬೇಡಿ, ಆಮೇಲೆ ಪಶ್ಚಾತ್ತಾಪ ಪಡುತ್ತೀರಿ. ಅದೇ ಮಾತುಗಳ ನಡುವೆ ಇನ್ನೊಂದು ಸಾಲಿದೆ: ‘ಇಲ್ಲಿ ಅವಸರವೂ ಸಾವಧಾನದ ಬೆನ್ನೇರಿದೆ!’ ನಿಮ್ಮ ಗುತ್ತಿಯ ನಡಿಗೆಗೆ ಅದೇ ಉತ್ತರ.

ಗುತ್ತಿಯನ್ನೇ ನೋಡಿ. ಅವನು ಸಿಂಬಾವಿ ಭರಮೈ ಹೆಗ್ಗಡೆಯವರ ಆಳು. ಒಡೆಯರ ಕೆಲಸ ಹೊತ್ತು ಹೊರಟಿದ್ದಾನೆ. ಮನಸ್ಸಿನಲ್ಲಿ ಬೆಟ್ಟಳ್ಳಿಯ ತಿಮ್ಮಿ ಇದ್ದಾಳೆ. ಒಳಗೆ ಅವಸರ ಕುದಿಯುತ್ತಿದೆ. ಆದರೆ ದಾರಿ ಕಾಡಿನದು. ಬಸ್ಸಿಲ್ಲ, ಗಾಡಿ ಹೋಗುವ ರಸ್ತೆ ಎಲ್ಲಾ ಕಡೆ ಇಲ್ಲ. ಕಥೆ ನಡೆಯುವುದು 19ನೇ ಶತಮಾನದ ಕೊನೆಯ ಭಾಗದಲ್ಲಿ, ತೀರ್ಥಹಳ್ಳಿ, ಮೇಗರವಳ್ಳಿ ಸುತ್ತಮುತ್ತ. ಆಗ ಒಂದು ಮನೆಯಿಂದ ಇನ್ನೊಂದು ಮನೆಗೆ ಸುದ್ದಿ ಹೋಗಬೇಕು ಅಂದರೆ ಒಬ್ಬ ಮನುಷ್ಯ ನಡೆಯಲೇಬೇಕು. ಆ ಮನುಷ್ಯನಿಗೆ ದಾರಿಯಲ್ಲಿ ಇಂಬಳ (ರಕ್ತ ಹೀರುವ ಜಿಗಣೆ) ಹತ್ತುತ್ತದೆ, ಕತ್ತಲಾಗುತ್ತದೆ, ಯಾರೋ ಸಿಗುತ್ತಾರೆ, ಮಾತಿಗೆ ನಿಲ್ಲುತ್ತಾರೆ. ಕಥೆ ಇನ್ನೂ ಶುರುವಾಗಿಲ್ಲ ಅಂದಿರಲ್ಲ, ಆ ನಡಿಗೆಯಲ್ಲೇ ಅದು ಶುರುವಾಗಿದೆ. ಆ ಕಾಲದಲ್ಲಿ ಆ ಸೀಮೆಯನ್ನೆಲ್ಲ ಒಂದಕ್ಕೊಂದು ಹೊಲಿಯುತ್ತಿದ್ದವರು ಇಂಥ ನಡೆಯುವ ಆಳುಗಳೇ. ದೊಡ್ಡ ಹೆಗ್ಗಡೆಗಳು ಜಗಲಿ ಮೇಲೆ ಕೂತಿರುತ್ತಾರೆ. ಊರೂರಿನ ಗುಟ್ಟು ಗೊತ್ತಿರುವುದು ಗುತ್ತಿಗೆ. ಅವನ ಕಾಲಿನ ಜೊತೆ ಹೊರಟರೆ ಹೆಗ್ಗಡೆಗಳ ಮನೆಯ ಮುಂಬಾಗಿಲ ಜೊತೆಗೆ ಹಿತ್ತಲನ್ನೂ ನೋಡುತ್ತೀರಿ.

ಇನ್ನು ವಿವರಗಳ ವಿಷಯ. ಪತ್ತೇದಾರಿ ಕಾದಂಬರಿಯಲ್ಲಿ ಒಂದು ವಿವರ ಕೊಟ್ಟರೆ ಅದರ ಫಲ ಕೊನೆಯಲ್ಲಿ ಸಿಗುತ್ತದೆ. ಇಲ್ಲಿ ಅದರ ಫಲ ಅದೇ ಪುಟದಲ್ಲಿ ಸಿಗುತ್ತದೆ, ಅಲ್ಲೇ ಮುಗಿಯುತ್ತದೆ. ಕಂಬಳಿಕೊಪ್ಪೆಯ ವಾಸನೆ, ಒಲೆಯ ಹೊಗೆ, ಬಗನಿ ಕಳ್ಳಿನ ನಿಶೆ, ಹುಣ್ಣು, ಕಜ್ಜಿ, ಕೀವು. ಇವು ಯಾವುದಕ್ಕೂ ಸುಳಿವಲ್ಲ. ಓದಿ, ಮೂಗು ಮುಚ್ಚಿಕೊಳ್ಳಿ, ನಗಿ, ಮುಂದೆ ಹೋಗಿ. ನೆನಪಿಟ್ಟುಕೊಳ್ಳುವ ಹಂಗಿಲ್ಲ. ನಿಮ್ಮಂಥವರಿಗೆ ಇದು ದೊಡ್ಡ ಬಿಡುಗಡೆ, ಅಲ್ವಾ?

ಹೆಸರುಗಳಿಗೂ ಇದೇ ಮಾತು. ನೆಂಟರ ಮದುವೆಮನೆಗೆ ಹೋದರೆ ಮೊದಲ ಗಂಟೆಯಲ್ಲಿ ಯಾರು ಯಾರಿಗೆ ಏನಾಗಬೇಕು ಅಂತ ಗೊತ್ತಾಗುತ್ತದಾ? ಇಲ್ಲ. ಸಂಜೆ ಹೊತ್ತಿಗೆ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಅನ್ನುವುದೂ ತಿಳಿದಿರುತ್ತದೆ. ಹೆಸರಿನ ಪಟ್ಟಿ ಮಾಡಿಕೊಂಡು ಓದಿ ಅಂತ ಕೆಲವರು ಸಲಹೆ ಕೊಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬೇಕಿದ್ದರೆ ಮನೆಗಳ ಒಂದು ನಕ್ಷೆ ಮಾಡಿಕೊಳ್ಳಿ. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ, ಆಮೇಲೆ ಮೇಗರವಳ್ಳಿ. ಈ ಕಾದಂಬರಿಯಲ್ಲಿ ಜನರಿಗಿಂತ ಮೊದಲು ಮನೆಗಳನ್ನು ಗುರುತು ಹಿಡಿಯಬೇಕು. ಯಾರು ಯಾವ ಮನೆಯವರು, ಆ ಮನೆಯ ಒಡೆಯ ಎಂಥವನು ಅಂತ ತಿಳಿದರೆ ಹೆಸರು ತಾನಾಗಿ ಅಂಟಿಕೊಳ್ಳುತ್ತದೆ. ಹಾಳೆಯ ಮೇಲೆ ಐದಾರು ಚೌಕ ಬರೆದು, ಗುತ್ತಿ ಎಲ್ಲಿಂದ ಎಲ್ಲಿಗೆ ಹೋದ ಅಂತ ಗೆರೆ ಎಳೆಯಿರಿ. ಪೊಲೀಸ್ ತನಿಖೆಯ ಹಾಗೆ. ಇದು ನಿಮಗೆ ಖುಷಿ ಕೊಡುತ್ತದೆ ಅಂತ ಭರವಸೆ ಇದೆ.

ಕಥೆಯೇ ಇಲ್ಲ ಅನ್ನಬೇಡಿ. ಇದೆ, ಬೇಕಾದಷ್ಟಿದೆ, ನಿಮ್ಮ ರುಚಿಯ ಕಥೆಗಳೇ ಇವೆ. ಎಲ್ಲವನ್ನೂ ಹೇಳಿ ರುಚಿ ಕೆಡಿಸುವುದಿಲ್ಲ, ಬರೀ ಎಳೆಗಳನ್ನು ತೋರಿಸುತ್ತೇನೆ. ತಿಮ್ಮಿಗೆ ಅವಳ ಒಡೆಯರು ಬೇರೊಬ್ಬನನ್ನು ಗೊತ್ತು ಮಾಡಿದ್ದಾರೆ, ಗುತ್ತಿ ಸುಮ್ಮನಿರುವವನಲ್ಲ. ಅತ್ತ ಹೂವಳ್ಳಿಯ ಚಿನ್ನಮ್ಮನನ್ನು ಸಿಂಬಾವಿ ಹೆಗ್ಗಡೆಗೆ ಎರಡನೇ ಹೆಂಡತಿಯಾಗಿ ಕೊಡಲು ಅಪ್ಪ ಒಪ್ಪಿದ್ದಾನೆ, ಅವಳ ಮನಸ್ಸು ಕೋಣೂರಿನ ಮುಕುಂದಯ್ಯನ ಮೇಲಿದೆ. ಮದುವೆಯ ಹಿಂದಿನ ರಾತ್ರಿ ಏನಾಗುತ್ತದೆ ಅನ್ನುವ ಭಾಗವನ್ನು ಯಾವ ಥ್ರಿಲ್ಲರ್ ಪಕ್ಕದಲ್ಲಾದರೂ ಇಟ್ಟು ನೋಡಿ. ಹಳೆಮನೆಯ ದೊಡ್ಡಣ್ಣ ಹೆಗ್ಗಡೆ ತಿರುಪತಿ ಯಾತ್ರೆಗೆ ಹೋದವನು ಹಿಂತಿರುಗಿಲ್ಲ, ಹೆಂಡತಿ ರಂಗಮ್ಮ ಬುದ್ಧಿ ಕಳೆದುಕೊಂಡು ಕಾಯುತ್ತಿದ್ದಾಳೆ. ಅವನು ಸತ್ತನಾ, ಇದ್ದಾನಾ? ಬೆಟ್ಟಳ್ಳಿಯ ದೇವಯ್ಯ ಪಾದ್ರಿಯ ಮಾತಿಗೆ ಮನಸೋತು ‘ಕಿಲಸ್ತರ’, ಅಂದರೆ ಕ್ರೈಸ್ತರ, ಜಾತಿಗೆ ಸೇರುತ್ತಾನಂತೆ ಅನ್ನುವ ಗುಲ್ಲು ಊರನ್ನೇ ಅಲ್ಲಾಡಿಸುತ್ತಿದೆ. ಆ ಪಾದ್ರಿಯ ಜೊತೆ ಬರುವ ಸೈಕಲ್ಲು, ಜನರ ಬಾಯಲ್ಲಿ ‘ಬೀಸೆಕಲ್ಲು’, ಅದರ ಪ್ರಸಂಗ ಓದಿ ನಗದಿದ್ದವರನ್ನು ನಾನು ನೋಡಿಲ್ಲ. ಮದುಮಗಳು ಯಾರು ಅಂತ ಪತ್ತೆ ಹಚ್ಚಲು ಹೊರಟರೆ ಒಬ್ಬಳಲ್ಲ, ತಿಮ್ಮಿ, ಚಿನ್ನಮ್ಮ, ಮೇಗರವಳ್ಳಿಯ ಕಾವೇರಿ ಮೂವರು ಸಿಗುತ್ತಾರೆ. ಮೂವರಿಗೂ ಮೂರು ಥರದ ಗತಿ.

ಒಂದೇ ತೊಂದರೆ. ಈ ಎಳೆಗಳು ಸಾಲಾಗಿ ಬರುವುದಿಲ್ಲ. ಒಂದನ್ನು ಬಿಗಿಯಾದ ಜಾಗದಲ್ಲಿ ಬಿಟ್ಟು ಕುವೆಂಪು ಇನ್ನೊಂದು ಮನೆಯ ಜಗಲಿಗೆ ಹೋಗಿ ಕೂರುತ್ತಾರೆ. ಥ್ರಿಲ್ಲರ್‌ನವರೂ ಇದನ್ನೇ ಮಾಡುತ್ತಾರೆ ಅಂತ ನೀವು ಹೇಳಬಹುದು. ಹೌದು. ಆದರೆ ಅವರು ನಿಮ್ಮನ್ನು ತುದಿಗಾಲಲ್ಲಿ ನಿಲ್ಲಿಸಲು ಹೋಗುತ್ತಾರೆ, ಬೇಗ ವಾಪಸ್ ಬರುತ್ತಾರೆ. ಇವರು ಹೋಗುವುದು ಅಲ್ಲಿಯೂ ಜನ ಬದುಕುತ್ತಿದ್ದಾರೆ ಅಂತ. ವಾಪಸ್ ಬರುವುದು ಯಾವಾಗಲೋ. 1936ರಲ್ಲಿ ಬಂದ ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ ಹಿಡಿದುಕೊಳ್ಳಲು ಹೂವಯ್ಯ ಅನ್ನುವ ಒಬ್ಬ ಆದರ್ಶವಂತ ಯುವಕ ಇದ್ದ. ಓದಿದವನು, ನಮ್ಮ ಹಾಗೆ ಯೋಚಿಸುವವನು. 1967ರ ಈ ಕಾದಂಬರಿಯಲ್ಲಿ ಆ ಆಸರೆಯನ್ನೂ ತೆಗೆದುಹಾಕಿದ್ದಾರೆ. ಬೇಕೆಂದೇ ತೆಗೆದದ್ದು ಅಂತ ನನ್ನ ಅಭಿಪ್ರಾಯ. ಕಷ್ಟವೂ ಅಲ್ಲೇ, ದೊಡ್ಡತನವೂ ಅಲ್ಲೇ.

ಭಾಷೆಯ ಕಷ್ಟಕ್ಕೆ ನನ್ನ ಹತ್ತಿರ ಒಂದೇ ಔಷಧಿ. ಸಂಭಾಷಣೆಯನ್ನು ಬಾಯಿಬಿಟ್ಟು ಓದಿ. ನೀವು ಬಯಲುಸೀಮೆಯವರು, ಮಲೆನಾಡಿನ ಮಾತು ಕಣ್ಣಿಗೆ ತೊಡಕು. ಕಿವಿಗೆ ಅಷ್ಟು ತೊಡಕಲ್ಲ. ಗಟ್ಟದ ಕೆಳಗಿನಿಂದ ಬಂದ ಆಳುಗಳಾದ ಐತ, ಪೀಂಚಲು ಮಾತಾಡುವುದಕ್ಕೂ ಹೆಗ್ಗಡೆಗಳು ಮಾತಾಡುವುದಕ್ಕೂ ವ್ಯತ್ಯಾಸ ಇದೆ. ಜೋರಾಗಿ ಓದಿದರೆ ಆ ವ್ಯತ್ಯಾಸ ಕೇಳಿಸುತ್ತದೆ, ಯಾರು ಮಾತಾಡುತ್ತಿದ್ದಾರೆ ಅನ್ನುವುದೂ ಸುಲಭವಾಗಿ ತಿಳಿಯುತ್ತದೆ. ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ. ಒಂದು ಗಿಡದ ಹೆಸರು ಗೊತ್ತಾಗದಿದ್ದರೆ ಅದೊಂದು ಗಿಡ ಅಂತ ಗೊತ್ತಾದರೆ ಸಾಕು.

ಈಗ ಜಾತಿಯ ಬೈಗುಳದ ವಿಷಯ. ನಾನು ಮೊದಲು ಹೇಳಿದ, ಕೊನೆಯವರೆಗೂ ಉಳಿಯಬೇಕಾದ ದೂರು ಇದೇ. ಅಭ್ಯಾಸವಾದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಭ್ಯಾಸ ಆಗಬಾರದು. ಜೀತ, ಮುಟ್ಟದ ಜಾತಿ, ಹೆಣ್ಣನ್ನು ಆಸ್ತಿಯ ಹಾಗೆ ಕೊಟ್ಟು ತರುವುದು, ಇದೆಲ್ಲ ಆ ಸಮಾಜದ ದಿನನಿತ್ಯ. ಕುವೆಂಪು ಅದನ್ನು ತೊಳೆದು ತೋರಿಸಿಲ್ಲ. ಬಾಯಿಗೆ ಬಂದ ಮಾತನ್ನು ಬಂದ ಹಾಗೇ ಬರೆದಿದ್ದಾರೆ. ಆದರೆ ಗಮನಿಸಿ, ಇಂಥ ದೊಡ್ಡ ಕಾದಂಬರಿಯ ಬಾಗಿಲಲ್ಲೇ ನಿಲ್ಲಿಸಿರುವುದು ಹೆಗ್ಗಡೆಯನ್ನಲ್ಲ, ಅವನ ಜೀತದಾಳನ್ನು. ಅವನಿಗೆ ಬುದ್ಧಿ, ಹಾಸ್ಯ, ಹಟ, ಪ್ರೀತಿ, ಕಳ್ಳತನ ಎಲ್ಲವನ್ನೂ ಕೊಟ್ಟಿದ್ದಾರೆ. ಕನಿಕರಕ್ಕೆ ಅಂತ ಇಟ್ಟ ಬೊಂಬೆ ಅಲ್ಲ ಗುತ್ತಿ.

ಹಾಗಂತ ಎಲ್ಲವೂ ಸರಿ ಇದೆ ಅಂತಲ್ಲ. ಕರೀಂ ಸಾಬಿಯ ಗುಂಪನ್ನು ಚಿತ್ರಿಸಿರುವ ರೀತಿ ನೋಡಿ. ಬೇರೆ ಎಲ್ಲರಿಗೂ ಸಿಕ್ಕ ಒಳಮನಸ್ಸು ಅವರಿಗೆ ಸಿಕ್ಕಿಲ್ಲ ಅನ್ನಿಸುತ್ತದೆ. ‘ಯಾರೂ ಅಮುಖ್ಯರಲ್ಲ’ ಅಂದ ಕಾದಂಬರಿಗೆ ಈ ಪ್ರಶ್ನೆ ಕೇಳಲೇಬೇಕು. ಇನ್ನೊಂದು, ಕೆಲವು ಕಡೆ ಕಥೆ ಹೇಳುವ ದನಿ ದಿಢೀರ್ ಅಂತ ಸಂಸ್ಕೃತಮಯವಾಗಿ, ಮುಗಿಲಿಗೆ ಏರಿಬಿಡುತ್ತದೆ. ಅಂಥ ಜಾಗದಲ್ಲಿ ನೀವು ಆಕಳಿಸಿದರೆ ಅಪರಾಧ ಏನಿಲ್ಲ. ಚಿನ್ನಮ್ಮ, ಮುಕುಂದಯ್ಯರ ಪ್ರೀತಿಯನ್ನು ತುಂಬ ಮೇಲೆ ಎತ್ತಿ ಇಟ್ಟಿದ್ದಾರೆ. ಗುತ್ತಿ, ತಿಮ್ಮಿಯರ ಜಗಳ ಬೆರೆತ ಪ್ರೀತಿಯೇ ನನಗೆ ಹೆಚ್ಚು ನಿಜ ಅನ್ನಿಸುತ್ತದೆ. ಪೀಂಚಲು ಅಂತೂ ಚಿನ್ನಮ್ಮನಿಗಿಂತ ಹತ್ತು ಪಾಲು ಗಟ್ಟಿಗಿತ್ತಿ. ಇದನ್ನು ಹೇಳಿದರೆ ಕೆಲವು ಹಿರಿಯರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಮೊದಲ ಅನಿಸಿಕೆಯನ್ನು ನಂಬಬೇಕಾ ಅಂತ ಕೇಳಿದ್ದೀರಿ. ನಂಬಿ, ಆದರೆ ಅದು ಯಾವುದರ ಬಗ್ಗೆ ಅಂತ ನೋಡಿ. ‘ನಿಧಾನ’ ಅನ್ನುವ ಅನಿಸಿಕೆ 80 ಪುಟದಲ್ಲಿ ನಂಬಲು ಬರುವುದಿಲ್ಲ. ಅದು ನಿಮ್ಮ ಹಳೆಯ ಓದಿನ ವೇಗ ಮತ್ತು ಈ ಕಾದಂಬರಿಯ ವೇಗದ ನಡುವಿನ ಜಗಳ, ಇನ್ನೂ ತೀರ್ಪು ಬಂದಿಲ್ಲ. ಸುಮಾರು 700 ಪುಟದ ಕಾದಂಬರಿಗೆ 80 ಪುಟ ಅಂದರೆ ಇನ್ನೂ ಅಂಗಳ. ಆದರೆ ‘ಈ ವಾಕ್ಯಗಳು ನನಗೆ ಏನೂ ಕಾಣಿಸುತ್ತಿಲ್ಲ, ಈ ಮನುಷ್ಯನ ಬಗ್ಗೆ ನನಗೆ ಯಾವ ಕುತೂಹಲವೂ ಹುಟ್ಟುತ್ತಿಲ್ಲ’ ಅನ್ನುವ ಅನಿಸಿಕೆ ಇದ್ದರೆ ಅದು ಬೇರೆ. ಅದು ಬೇಗ ಬದಲಾಗುವುದಿಲ್ಲ. ನಿಮ್ಮ ಪತ್ರದಲ್ಲಿ ಗುತ್ತಿಯ ಹೆಸರಿದೆ, ನಾಯಿಯ ನೆನಪಿದೆ, ಅವನ ನಡಿಗೆಯ ಮೇಲೆ ಸಿಟ್ಟಿದೆ. ಕುತೂಹಲ ಸತ್ತಿಲ್ಲ ಅಂತ ನನಗೆ ಕಾಣುತ್ತದೆ.

ಹಾಗಾಗಿ 200 ಪುಟದವರೆಗೆ ಹೋಗಿ. ದಿನಕ್ಕೆ ಹತ್ತು ಪುಟ ಅಂತ ಕಂತು ಕಟ್ಟಬೇಡಿ, ಪ್ರತಿ ದಿನ ಮತ್ತೆ ಆ ಲೋಕಕ್ಕೆ ಇಳಿಯುವುದೇ ಕೆಲಸ ಆಗುತ್ತದೆ. ಒಂದು ಭಾನುವಾರ ಮೂರು ಗಂಟೆ ಕೂತು ಓದಿ. ಫೋನು ಇನ್ನೊಂದು ಕೋಣೆಯಲ್ಲಿರಲಿ. ಗುತ್ತಿಯ ನಾಯಿ ಹುಲಿಯನ ಮೇಲೆ ಒಂದು ಕಣ್ಣಿಡಿ. ಯಾಕೆ ಅಂತ ಈಗ ಹೇಳುವುದಿಲ್ಲ. ಅಷ್ಟಾದ ಮೇಲೂ ಬೇಡ ಅನ್ನಿಸಿದರೆ ನಿಶ್ಚಿಂತೆಯಿಂದ ಮುಚ್ಚಿಡಿ. ಮಲೆನಾಡಿನ ಋಣ ತೀರಿಸಲು ತೇಜಸ್ವಿಯವರ ‘ಕರ್ವಾಲೋ’ ಇದೆ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ನುಗ್ಗುವ ಆ ಕಥೆ ಒಂದು ರೀತಿಯ ಪತ್ತೇದಾರಿಯೇ. ಮಗನ ಕಾಡಿನಲ್ಲಿ ಓಡಾಡಿದ ಮೇಲೆ ಅಪ್ಪನ ಕಾಡಿಗೆ ಬರಬಹುದು.

ನಾಟಕ ನೋಡಿ ಆಮೇಲೆ ಓದಿದರೆ ಹೇಗೆ ಅಂತ ನಿಮ್ಮಂಥವರು ಸಾಮಾನ್ಯವಾಗಿ ಕೇಳುತ್ತಾರೆ, ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. 2010ರಲ್ಲಿ ಮೈಸೂರಿನ ರಂಗಾಯಣ ಇದನ್ನು ಇಡೀ ರಾತ್ರಿಯ ನಾಟಕ ಮಾಡಿತು. ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪ, ಸಿ. ಬಸವಲಿಂಗಯ್ಯನವರ ನಿರ್ದೇಶನ, ಹಂಸಲೇಖ ಅವರ ಸಂಗೀತ. ಸುಮಾರು ಒಂಬತ್ತು ಗಂಟೆ. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಪ್ರೇಕ್ಷಕರೇ ಎದ್ದು ನಡೆಯಬೇಕು. ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲೂ ಆಯಿತು. ಕಾದಂಬರಿ ಮುಟ್ಟದವರೂ ಬೆಳಗಿನ ತನಕ ಕೂತು ನೋಡಿದರು. ಮತ್ತೆ ಪ್ರಯೋಗ ಆದರೆ ಖಂಡಿತ ಹೋಗಿ. ಮೊದಲು ನಾಟಕ ನೋಡಿದರೆ ಮುಖಗಳು ಸಿಗುತ್ತವೆ, ಹೆಸರಿನ ತೊಡಕು ಹೋಗುತ್ತದೆ. ಆದರೆ ಗುತ್ತಿಯ ಮುಖ ನೀವೇ ಕಲ್ಪಿಸಿಕೊಳ್ಳುವ ಸುಖ ತಪ್ಪುತ್ತದೆ. ನನ್ನನ್ನು ಕೇಳಿದರೆ ಅರ್ಧ ಓದಿ ನಾಟಕ ನೋಡುವುದು ಒಳ್ಳೆಯದು. ನಿಮ್ಮ ಕೂಟದಲ್ಲಿ ಕನ್ನಡ ಓದಲು ತಡವರಿಸುವವರು ಇದ್ದರೆ, ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದ 2024ರಲ್ಲಿ ಬಂದಿದೆ. ನಿಮಗದು ಬೇಡ.

ಕೂಟದಲ್ಲಿ ಏನು ಹೇಳಲಿ ಅಂದಿರಿ. ಬಹುಮಾನ, ಬಿರುದು, ‘ಮಹಾಕಾದಂಬರಿ’ ಇಂಥ ಮಾತುಗಳನ್ನು ಬೇರೆಯವರು ಹೇಳುತ್ತಾರೆ, ನಿಮಗೆ ಆ ಕೆಲಸ ಇಲ್ಲ. ಎಲ್ಲಿ ಬೇಸರ ಬಂತು, ಯಾವ ಪುಟದಲ್ಲಿ ಎದ್ದು ಕೂತಿರಿ, ಯಾವ ಬೈಗುಳ ಓದಲಾಗದೆ ಪುಸ್ತಕ ಕೆಳಗಿಟ್ಟಿರಿ, ಅದನ್ನು ಪುಟದ ಸಂಖ್ಯೆ ಸಮೇತ ಹೇಳಿ. ಆ ಪುಟವನ್ನು ಜೋರಾಗಿ ಓದಿಸಿ. ಒಬ್ಬರು ಒಪ್ಪುತ್ತಾರೆ, ಇನ್ನೊಬ್ಬರು ಜಗಳಕ್ಕೆ ಬರುತ್ತಾರೆ. ಮೊದಲ ಪುಟದಿಂದಲೇ ಮೆಚ್ಚಿಕೊಂಡವರ ಹತ್ತಿರ ಇಂಥ ಪುಟಗಳ ಪಟ್ಟಿ ಇರುವುದು ಕಡಿಮೆ. ಹಾಗಾಗಿ ನಿಮ್ಮ ಸರದಿ ಮೊದಲೇ ಕೇಳಿ ತೆಗೆದುಕೊಳ್ಳಿ.